ಪಂಪು ನಿಂತ ಮೇಲೆ

ಅಕ್ಕನ ಫೋನು ಬಂದಾಗ ತಂಗಿ ತೊರೆಯ ದಂಡೆಯಲ್ಲಿ ನಿಂತು ಹೊಗಳಿಕೆ ಕೇಳಿಸಿಕೊಳ್ಳುತ್ತಿದ್ದಳು.

ಹೊಗಳುತ್ತಿದ್ದವರು ನಿಯಂತ್ರಣ ಆಯೋಗದ ಸದಸ್ಯೆ. ಊರಿಗೆ ನೀರು ಕೊಡುವ ಜಲಮಂಡಳಿ ಎಲ್ಲಿಂದ ಎಷ್ಟು ನೀರೆತ್ತಬೇಕು, ಜನರಿಂದ ಎಷ್ಟು ವಸೂಲು ಮಾಡಬೇಕು, ನೆಲಕ್ಕೂ ಜಲಚರಗಳಿಗೂ ಏನನ್ನು ಬಿಟ್ಟುಕೊಡಬೇಕು ಎಂಬುದನ್ನೆಲ್ಲ ಗೆರೆ ಎಳೆದಂತೆ ನಿಗದಿ ಮಾಡುವ ಆಯೋಗ ಅದು. ಅಲ್ಲಿಯವರ ಬಾಯಿಂದ ಒಳ್ಳೆಯ ಮಾತು ಹೊರಡುವುದು ಅಪರೂಪ; ಆದ್ದರಿಂದ ಮಂಡಳಿಯ ಮುಖ್ಯ ಇಂಜಿನಿಯರು, ಒಂದು ಮಾತೂ ಗಾಳಿಗೆ ಹಾರಿಹೋಗದಂತೆ ಕಾಯುವವರ ಹಾಗೆ, ಸದಸ್ಯೆಯ ಮಗ್ಗುಲಿಗೇ ಅಂಟಿಕೊಂಡಿದ್ದರು.

ಎದುರಿಗೆ ನೀರು ಹರಿಯುತ್ತಿತ್ತು. ಒಂದು ತಲೆಮಾರಿನ ಕಾಲ ಅಲ್ಲಿ ಹರಿದದ್ದು ಧೂಳು ಮಾತ್ರ. ಊರಿನ ಮೇಲ್ಭಾಗದ ಹಳೆಯ ಪಂಪ್‌ಹೌಸು ನೆಲದೊಳಗಿನ ನೀರನ್ನು ಹಗಲಿರುಳೆನ್ನದೆ ಎಳೆದು ನಲ್ಲಿಗಳಿಗೆ ಕಳುಹಿಸುತ್ತಿದ್ದುದರಿಂದ, ತೊರೆಯಾಗಿ ಚಿಮ್ಮಬೇಕಾದದ್ದು ಚಿಮ್ಮದೆ, ಅದರ ಪಾತ್ರದಲ್ಲಿ ಜನ ಮುರಿದ ಕುರ್ಚಿ, ಸವೆದ ಟೈರು ಎಸೆಯುವುದನ್ನು ರೂಢಿ ಮಾಡಿಕೊಂಡಿದ್ದರು. ಪಂಪು ನಿಲ್ಲಬೇಕು, ಅದರ ನೀರಿಗೆ ಬದಲಾಗಿ ಊರಿನ ಕೊಳವೆಗಳ ಸೋರಿಕೆ ಮುಚ್ಚಿ ನೀರುಳಿಸಬೇಕು ಎಂದು ಆಯೋಗ ಷರತ್ತು ವಿಧಿಸಿದಾಗ ಮಂಡಳಿಯಲ್ಲಿ ಎಲ್ಲರೂ ಕೈಚೆಲ್ಲಿ ಕುಳಿತಿದ್ದರು. ಜಲಮೂಲಗಳ ಅಧಿಕಾರಿಯಾಗಿದ್ದ ತಂಗಿಯೊಬ್ಬಳೇ ಹಟಕ್ಕೆ ಬಿದ್ದಳು. ಬೀದಿ ಬೀದಿ ಅಗೆಸಿ, ಅಂಗಡಿಯವರಿಂದ ಬಾಯಿಗೆ ಬಂದಂತೆ ಬೈಸಿಕೊಂಡು, ಸೋರುವ ಕೊಳವೆಗಳನ್ನೆಲ್ಲ ಬದಲಾಯಿಸಿ, ಹೋದ ವರ್ಷ ಪಂಪಿನ ಗುಂಡಿಯನ್ನು ತನ್ನ ಕೈಯಾರೆ ಒತ್ತಿ ನಿಲ್ಲಿಸಿದ್ದಳು. ಈಗ ತೊರೆ ಮರಳಿತ್ತು. ಕೆಳದಂಡೆಯ ಬಡಾವಣೆಯ ಬತ್ತಿದ ಬಾವಿಗಳಲ್ಲಿ ಮುಖ ಕಾಣುವಷ್ಟು ನೀರು ನಿಂತಿತ್ತು.

“ಏ ಕಪ್ಪೆ, ಕೆಲಸದಲ್ಲಿದ್ದೀಯ?” ಎಂದಳು ಅಕ್ಕ ಫೋನಿನಲ್ಲಿ. ಎಲ್ಲಿ ನೀರು ಕಂಡರೂ ಹಾರುತ್ತಿದ್ದ ತಂಗಿಗೆ ಚಿಕ್ಕಂದಿನಲ್ಲಿ ಅವಳೇ ಇಟ್ಟ ಹೆಸರು ಅದು.

“ಇದ್ದೀನಿ, ಪರವಾಗಿಲ್ಲ. ಹೇಳು.”

“ಅವಸರ ಏನಿಲ್ಲ. ಬಿಡುವಾದಾಗ ಬಂದು ಹೋಗು. ಹತ್ತಿ ಯಾಕೋ ಭಾರ ಆಗ್ತಿದೆ.”

ಅಕ್ಕ ಹಾಸಿಗೆ ಹೊಲಿಯುವವಳು. ಅಮ್ಮ ತೀರಿಕೊಂಡ ಮೇಲೆ ತಂಗಿಗೆ ಅನ್ನ ಹಾಕಿದ್ದೂ ಓದಿಸಿದ್ದೂ ಅವಳ ಕೈಯ ದಬ್ಬಣವೇ. ಕೆಳಗಿನ ಬೀದಿಯಲ್ಲಿ ಅವಳ ಮನೆ. ರಸ್ತೆಯ ಮಟ್ಟಕ್ಕಿಂತ ಕೆಳಗೆ, ನಾಲ್ಕಾರು ಮೆಟ್ಟಿಲು ಇಳಿದರೆ ಕೆಲಸದ ಕೋಣೆ. ಅದರ ಮೇಲೆ ಒಂದು ಮಲಗುವ ಕೋಣೆ, ಒಂದು ಅಡುಗೆಮನೆ. ಕೆಲಸದ ಕೋಣೆಗಿದ್ದ ಒಂದೇ ಕಿಟಕಿ ದಾರಿಹೋಕರ ಪಾದಗಳ ಎತ್ತರಕ್ಕಿತ್ತಾಗಿ, ಈ ಊರಿನವರ ಮುಖಕ್ಕಿಂತ ಚಪ್ಪಲಿಗಳೇ ನನಗೆ ಹೆಚ್ಚು ಪರಿಚಯ ಎಂದು ಅಕ್ಕ ನಗುತ್ತಿದ್ದಳು. ಭಾವ ಬದುಕಿದ್ದಾಗ ಇಬ್ಬರೂ ಸೇರಿ ಕೊಂಡ ಮನೆ. ಈಗ ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ತಂಗಿ ಹೋದಾಗ ಅಕ್ಕ ಒಂದು ದಿಂಬನ್ನು ಅವಳ ಕೈಗೆ ಎಸೆದಳು.

“ಹಿಡಿ. ಎತ್ತಿ ನೋಡು.”

“ದಿಂಬು ಅಲ್ವಾ?”

“ದಿಂಬೇ. ಆದರೆ ಮಗುವಿನ ಹಾಗೆ ತೂಗ್ತಿದೆ ನೋಡು. ವ್ಯಾಪಾರಿ ಕಳಪೆ ಹತ್ತಿ ಕೊಟ್ಟ ಅಂತ ಮೊದಲು ಅವನಿಗೆ ಬೈದೆ. ಪಾಪ, ಅವನದ್ದೇನೂ ತಪ್ಪಿಲ್ಲ. ಇಲ್ಲಿ ಕೈ ಇಡು.”

ಗೋಡೆಯ ಬುಡ ತಣ್ಣಗಿತ್ತು. ಸುಣ್ಣ ಹೊಪ್ಪಳೆಯೆದ್ದಿತ್ತು. ಹತ್ತಿಯ ಚೀಲಗಳನ್ನು ಸರಿಸಿದಾಗ ಮೂಲೆಯ ನೆಲದ ಮೇಲೆ, ಯಾರೋ ಲೋಟ ಚೆಲ್ಲಿ ಒರೆಸಲು ಮರೆತಂತೆ, ಅಂಗೈಯಗಲ ನೀರಿತ್ತು. ತಂಗಿಗೆ ನಿಂತ ಪಂಪು ನೆನಪಾಯಿತು. ಆದರೂ ಬಾಯಲ್ಲಿ, “ಬೀದಿಯ ಕೊಳವೆ ಎಲ್ಲೋ ಸೋರ್ತಿರಬೇಕು ಅಕ್ಕ. ಕಿವಿಯಣ್ಣನ್ನ ಕರೆಸ್ತೀನಿ” ಎಂದಳು.

ಮಂಡಳಿಯಲ್ಲಿ ಸೋರಿಕೆ ಪತ್ತೆ ಮಾಡುವವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಉದ್ದನೆಯ ಉಕ್ಕಿನ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು ಅವನು ಮಧ್ಯಾಹ್ನದವರೆಗೆ ಬೀದಿಯುದ್ದಕ್ಕೂ ಬಾಗಿ ಬಾಗಿ ನಡೆದ. ಅವನ ಹಿಂದೆ ನಡೆಯುತ್ತಿದ್ದ ತಂಗಿ, ಜೀವನದಲ್ಲಿ ಮೊದಲ ಬಾರಿಗೆ, ಒಂದು ಕೊಳವೆ ಒಡೆದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಸೋರಿಕೆಯನ್ನು ಶತ್ರುವಿನಂತೆ ಬೆನ್ನಟ್ಟಿದವಳಿಗೆ ಆ ಬೇಡಿಕೆ ತನ್ನದಲ್ಲ, ಯಾರದೋ ಎಂಬಂತೆ ಕೇಳಿಸಿತು.

“ಏನೂ ಇಲ್ಲ ಮೇಡಂ,” ಎಂದ ಕಿವಿಯಣ್ಣ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. “ಕೊಳವೆಯೆಲ್ಲ ನಿದ್ದೆ ಮಾಡ್ತಿದೆ. ನೀವೇ ಹಾಕಿಸಿದ್ದಲ್ವಾ, ಹೊಸದು.”

“ಇನ್ನೊಂದು ಸಲ ಕೇಳು.”

“ಎಷ್ಟು ಸಲ ಕೇಳಿದರೂ ಹಾಡು ಹೇಳಲ್ಲ ಅದು.”

ಉಳಿದದ್ದು ಒಂದೇ ಪರೀಕ್ಷೆ. ನಲ್ಲಿಯ ನೀರಿಗೆ ಮಂಡಳಿ ಕ್ಲೋರಿನ್ ಬೆರೆಸುತ್ತದೆ. ನೆಲದ ನೀರಿಗೆ ಅದನ್ನು ಬೆರೆಸುವವರಿಲ್ಲ. ಮೂಲೆಯ ನೀರನ್ನು ಪುಟ್ಟ ಗಾಜಿನ ನಳಿಕೆಯಲ್ಲಿ ತುಂಬಿ, ಪುಡಿ ಹಾಕಿ ಕುಲುಕಿದರೆ, ನಲ್ಲಿಯದಾದರೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ತಂಗಿ ಕುಲುಕಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೂ ಕುಲುಕಿದಳು. ನೀರು ಬಣ್ಣ ತಾಳಲಿಲ್ಲ. ಅದರಷ್ಟು ತಿಳಿಯಾದ ನೀರನ್ನು ಅವಳು ಯಾವ ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ.

“ನಮ್ಮ ನೀರಲ್ಲ,” ಎಂದ ಕಿವಿಯಣ್ಣ. ಅದು ಮಂಡಳಿಯವರ ಬಾಯಲ್ಲಿ ಸವೆದ ಮಾತು. ತಮ್ಮ ಕೊಳವೆಯದಲ್ಲದ ನೀರು ಯಾರ ಮನೆಗೆ ನುಗ್ಗಿದರೂ ಅದಕ್ಕೆ ತಾವು ಹೊಣೆಯಲ್ಲ ಎಂಬುದು ಅದರ ಅರ್ಥ. ಹೇಳಿದ ಮೇಲೆ ಅವನಿಗೇ ಯಾಕೋ ಸರಿಕಾಣದೆ, ಸಲಾಕೆಯನ್ನು ಹೆಗಲಿಗೇರಿಸಿ ಬೀದಿಗೆ ಹೋಗಿ ನಿಂತುಕೊಂಡ.

“ನಿಮ್ಮದಲ್ಲ ಅಂದರೆ ಯಾರದ್ದು?” ಅಕ್ಕ ಕೇಳಿದಳು. “ಹಕ್ಕುದಾರರಿದ್ದರೆ ಹೇಳು, ಬಂದು ತಗೊಂಡು ಹೋಗಲಿ.”

ತಂಗಿ ಮೆಟ್ಟಿಲ ಮೇಲೆ ಕುಳಿತು ಹೇಳಿದಳು. ಪಂಪು ನಿಂತ ಮೇಲೆ ನೆಲದೊಳಗಿನ ನೀರು ಸಾವಕಾಶವಾಗಿ ಮೇಲೇಳುತ್ತಿದೆ. ತಗ್ಗಿನಲ್ಲಿ ತೊರೆಯಾಗಿ ಹೊರಬಿದ್ದದ್ದು, ಈ ಬೀದಿಯ ಅಡಿಯಲ್ಲಿ ದಾರಿಯಿಲ್ಲದೆ ಗೋಡೆಯನ್ನು ಹತ್ತುತ್ತಿದೆ. ಅಕ್ಕ ಹತ್ತಿಯ ಚೀಲಕ್ಕೆ ಒರಗಿ ಕೇಳಿದಳು. ಹರಿದ ದಿಂಬಿನ ಬಾಯನ್ನು ಬೆರಳಿನಿಂದ ಮುಚ್ಚುತ್ತ ತೆರೆಯುತ್ತ ಇದ್ದಳು.

“ಅಂದರೆ ಇಷ್ಟು ವರ್ಷ ಆ ಯಂತ್ರ ನನ್ನ ನೆಲ ಒರೆಸ್ತಿತ್ತು.”

“ಹೂಂ.”

“ಮತ್ತೆ ಮನೆ ತಗೊಳ್ಳೋವಾಗ ನೀನೇ ಹೇಳಿದ್ದೆ. ಕಣ್ಣು ಮುಚ್ಚಿಕೊಂಡು ತಗೋ, ಈ ನೆಲ ಒದ್ದೆಯಾಗೋದೇ ಇಲ್ಲ ಅಂತ.”

ಹತ್ತಿಯ ಕೆಲಸಕ್ಕೆ ಒಣ ನೆಲ ಬೇಕೆಂದು ಭಾವ ವಿಚಾರಿಸಿದಾಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ ತಂಗಿ ಮಂಡಳಿಯ ಅಳತೆಬಾವಿಗೆ ಹೋಗಿ ನೋಡಿ ಬಂದಿದ್ದಳು. ಬಾವಿಯ ಒಳಗೋಡೆಯಲ್ಲಿ ಬಹಳ ಆಳಕ್ಕೆ ಒಂದು ಬಿಳಿ ಗೆರೆ. ನೆಲದ ಸಹಜ ನೀರಿನ ಮಟ್ಟ ಇದು ಎಂದು ಮಂಡಳಿಯವರು ಬಳಿದದ್ದು. ಆ ಗೆರೆ ಬಳಿದಾಗಲೂ ಪಂಪು ನಡೆಯುತ್ತಿತ್ತು. ಆಮೇಲೆ ಕೆಲಸಕ್ಕೆ ಬಂದ ಯಾರೊಬ್ಬರೂ ಪಂಪು ನಿಂತದ್ದನ್ನು ಕಂಡವರಲ್ಲವಾದ್ದರಿಂದ, ಯಂತ್ರ ಎಳೆದು ಇಳಿಸಿದ್ದ ಮಟ್ಟವನ್ನೇ ಎಲ್ಲರೂ ಭೂಮಿಯ ಸ್ವಭಾವವೆಂದು ನಂಬಿದ್ದರು. ನಕ್ಷೆಗಳು ಅದರ ಮೇಲೆ, ಮನೆಗಳ ಪರವಾನಗಿಗಳು ಅದರ ಮೇಲೆ, ತಂಗಿ ಅಕ್ಕನಿಗೆ ಕೊಟ್ಟ ಮಾತೂ ಅದರ ಮೇಲೆ ನಿಂತಿದ್ದವು.

“ಹೇಳಿದ್ದೆ,” ಎಂದಳು.

“ಸರಿ ಬಿಡು. ಈಗ ಏನು ಮಾಡೋದು ಹೇಳು,” ಎಂದಳು ಅಕ್ಕ. ಆ ಹೊತ್ತಿಗೆ ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ.

ನೀರು ಅಂಗೈಯಿಂದ ತಟ್ಟೆಗೆ, ತಟ್ಟೆಯಿಂದ ಪರಾತಕ್ಕೆ ಬೆಳೆಯಿತು. ಕೆಳಗಿನ ಬೀದಿಯ ಇತರ ಮನೆಗಳಿಂದಲೂ ದೂರು ಬಂದವು; ಆದರೆ ಮಿಕ್ಕವರಿಗೆ ನೆಲಮಾಳಿಗೆಯೆಂದರೆ ಹಳೆಯ ಸಾಮಾನು ತುಂಬುವ ಜಾಗ, ಅಕ್ಕನಿಗೆ ಮಾತ್ರ ಅನ್ನದ ಜಾಗ. ಮೇಲಿನ ಕೋಣೆಗಳಲ್ಲಿ ಒಂದು ಜೋಡಿ ಹಾಸಿಗೆ ಹರಡಿದರೆ ಕಾಲಿಡಲು ತಾವಿರಲಿಲ್ಲ. ತಾನೇ ಒಂದು ಸಣ್ಣ ಪಂಪು ಕೊಂಡು ತಂದು ಇಟ್ಟಳು ತಂಗಿ. ಅದು ಎಳೆದಷ್ಟನ್ನು ನೆಲ ಮತ್ತೆ ತುಂಬುತ್ತಿತ್ತು. ಕೊನೆಗೆ ಮಂಡಳಿ ಆಯೋಗಕ್ಕೆ ಬರೆಯಿತು. ಹಳೆಯ ಪಂಪನ್ನು ಅರ್ಧ ಬಲದಲ್ಲಿ ಪರೀಕ್ಷೆಗೆಂದು ನಡೆಸಿ ನೋಡಿ, ಆಮೇಲೆ ಎಲ್ಲರ ಮಾತು ಕೇಳಿ ತೀರ್ಮಾನಿಸೋಣ ಎಂದು ಆಯೋಗ ಅಪ್ಪಣೆ ಕೊಟ್ಟಿತು.

ಪರೀಕ್ಷೆ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ, ಅಕ್ಕನ ನೆಲ ಒಣಗಿತು.

ತಂಗಿ ಹೋದಾಗ ಕಿಟಕಿ ಬಾಗಿಲು ತೆರೆದಿದ್ದವು. ಅಕ್ಕ ಕೋಣೆಯನ್ನು ಗುಡಿಸಿ, ಹತ್ತಿಯನ್ನು ಬಿಡಿಸಿ ಹರವಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಡಿಯುತ್ತಿದ್ದಳು. ಬಿಳಿಯ ನವಿರು ಕೋಣೆಯ ತುಂಬ ತೇಲುತ್ತಿತ್ತು. ಅವಳ ಹುಬ್ಬು, ಕೂದಲು ಎಲ್ಲ ಬಿಳಿ.

“ಬಾರೇ ಕಪ್ಪೆ. ನೋಡು, ಒಂದೇ ವಾರದಲ್ಲಿ ಮುದುಕಿಯಾದೆ,” ಎಂದು ನಕ್ಕಳು. “ಊಟ ಮಾಡಿಕೊಂಡು ಹೋಗು. ಆಸ್ಪತ್ರೆಯವರು ಹಾಸಿಗೆ ಕೇಳಿದ್ದಾರೆ. ಆಗಲ್ಲ ಅಂತ ಹೇಳಿಕಳಿಸೋಕೆ ಕಾಗದ ಹುಡುಕ್ತಿದ್ದೆ, ಅಷ್ಟರಲ್ಲಿ ನೆಲ ಒಣಗಿತು. ಒಪ್ಪಿಕೊಂಡುಬಿಟ್ಟೆ.”

“ಇದಿನ್ನೂ ಪರೀಕ್ಷೆ ಅಕ್ಕ.”

“ಪರೀಕ್ಷೆಯಲ್ಲಿ ನೀನು ಯಾವತ್ತು ಫೇಲಾಗಿದ್ದೀಯ?”

ತಂಗಿ ಊಟ ಮಾಡಿದಳು. ಏನು ತಿಂದಳೋ ನೆನಪಿಲ್ಲ. ಯಾಕೆಂದರೆ ಬರುವ ದಾರಿಯಲ್ಲಿ ಅವಳು ತೊರೆಯನ್ನು ನೋಡಿ ಬಂದಿದ್ದಳು. ಹರಿವು ತುಂಡಾಗಿ ಗುಂಡಿಗಳಲ್ಲಿ ನಿಂತಿತ್ತು. ಕೊನೆಯ ಗುಂಡಿಯಲ್ಲಿ, ಎಲ್ಲಿಂದಲೋ ಬಂದು ಸೇರಿಕೊಂಡಿದ್ದ ಬೆರಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಮುಂದಿನ ದಿನಗಳಲ್ಲಿ ಪಂಪಿನ ಬಲವನ್ನು ಇನ್ನಷ್ಟು ತಗ್ಗಿಸಿ ನೋಡಿದರು. ತಗ್ಗಿಸಿದರೆ ಅಕ್ಕನ ಗೋಡೆ ಬೆವರುತ್ತಿತ್ತು, ಏರಿಸಿದರೆ ತೊರೆ ತುಂಡಾಗುತ್ತಿತ್ತು. ಎರಡೂ ಉಳಿಯುವ ಒಂದು ಮಟ್ಟವನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಅಂಥ ಮಟ್ಟ ಇರಲಿಲ್ಲ.

ವಿಚಾರಣೆಗೆ ಮುನ್ನ ಮುಖ್ಯ ಇಂಜಿನಿಯರು ಅವಳನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಕೆಟ್ಟ ಮನುಷ್ಯರಲ್ಲ.

“ನೋಡಮ್ಮ, ಸ್ವಂತ ಅಕ್ಕನ ಮನೆ. ನೀನು ಆವತ್ತು ರಜೆ ಹಾಕು. ಅಂಕಿಅಂಶ ನಾನು ಓದ್ತೀನಿ. ಯಾರೂ ಏನೂ ಅನ್ನಲ್ಲ.”

“ಆಯೋಗದವರು ಒಪ್ಪಿದರೆ…”

“ಅವರಿಗೆ ಆಗಲೇ ಹೇಳಿದ್ದೀನಿ, ಅಕ್ಕ ತಂಗಿ ಅಂತ. ಬರೋದು ಬಿಡೋದು ನಿನಗೇ ಬಿಟ್ಟಿದ್ದು ಅಂದರು.”

ಆ ಸಂಜೆ ಅವಳು ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು: ಮೀನು, ಗುಂಡಿ, ಬೆವರುವ ಗೋಡೆ, ರಜೆ. ಅಕ್ಕ ಆಸ್ಪತ್ರೆಯ ಹಾಸಿಗೆಗೆ ಅಂಚು ಹಾಕುತ್ತಿದ್ದಳು. ದಬ್ಬಣ ನಿಲ್ಲಲಿಲ್ಲ.

“ಪಂಪು ಮತ್ತೆ ಶುರು ಮಾಡಿದರೆ ಆ ಹಳ್ಳ ಸಾಯುತ್ತೆ. ಇದೇ ತಾನೇ ನೀನು ಹೇಳಬೇಕಾದ್ದು?”

“ಹೂಂ.”

“ಖಂಡಿತಾನಾ?”

“ಖಂಡಿತ.”

“ಹಾಗಾದರೆ ರಜೆ ಹಾಕಬೇಡ. ನಿನ್ನ ಸಾಹೇಬರು ಬಂದು ಕಾಗದ ಓದಿದರೆ, ಏನೋ ಕಣ್ಣು ಕಟ್ಟಿದರು ಅಂತ ಸಾಯೋತನಕ ಅಂದುಕೊಳ್ತೀನಿ. ನೀನು ನನ್ನ ಮುಂದೆ ನಿಂತು ಹೇಳು. ನೀನು ಹೇಳಿದರೆ ನಂಬಬೇಕಾಗುತ್ತೆ.” ದಾರದ ಗಂಟು ಬಿಗಿದು, “ನಂಬಿ ಅಭ್ಯಾಸ ಆಗಿದೆ,” ಎಂದಳು. ಅದು ಚುಚ್ಚುಮಾತೋ ಅಲ್ಲವೋ ತಂಗಿಗೆ ತಿಳಿಯಲಿಲ್ಲ.

ವಿಚಾರಣೆ ನಡೆದದ್ದು ಮಂಡಳಿಯ ಊಟದ ಹಾಲಿನಲ್ಲಿ. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಕೆಳದಂಡೆಯ ಶಾಲೆಯ ಅಡುಗೆಯಾಕೆ ಎದ್ದುನಿಂತು, ತಮ್ಮ ಬಾವಿಯಲ್ಲಿ ನೀರು ಬಂದ ಮೇಲೆ ಮಕ್ಕಳ ತಟ್ಟೆ ತೊಳೆಯಲು ಲಾರಿಯ ದಾರಿ ಕಾಯುವುದು ತಪ್ಪಿತ್ತೆಂದೂ, ಪರೀಕ್ಷೆಯ ದಿನಗಳಲ್ಲಿ ಮತ್ತೆ ಬಿಂದಿಗೆ ಬರಿದಾಯಿತೆಂದೂ ಹೇಳಿದಳು. ಅವಳ ಮಾತಿನಲ್ಲಿ ಜಗಳವಿರಲಿಲ್ಲ. ಅಕ್ಕನ ಕಡೆ ನೋಡಿ, “ಇವರ ಕಷ್ಟ ನನಗೆ ಅರ್ಥವಾಗಲ್ಲ ಅಂತಲ್ಲ,” ಎಂದೂ ಸೇರಿಸಿದಳು. ಅಕ್ಕನ ಸರದಿ ಬಂದಾಗ ಅವಳು ತನ್ನ ಮಾತನ್ನು ಎರಡೇ ವಾಕ್ಯದಲ್ಲಿ ಮುಗಿಸಿದಳು. ಒಣ ನೆಲವೆಂದು ಮಂಡಳಿ ಹೇಳಿದ್ದರಿಂದ ಮನೆ ಕೊಂಡೆವು. ಈ ಕೋಣೆ ಬಿಟ್ಟರೆ ಕೆಲಸ ಮಾಡಲು ನನಗೆ ಬೇರೆ ಜಾಗವಿಲ್ಲ.

ಆಯೋಗದ ಸದಸ್ಯೆ ಕನ್ನಡಕ ತೆಗೆದು ಒರೆಸಿ, ತಂಗಿಯತ್ತ ತಿರುಗಿದರು.

“ಈ ಮನೆಯ ನೆಲ ಒಣಗಿರುವಷ್ಟು ಪಂಪು ನಡೆಸಿದರೆ ತೊರೆ ಉಳಿಯುತ್ತದೆಯೆ?”

ತಂಗಿ ಎದ್ದಳು. ಅಕ್ಕ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಕೈ ಜೋಡಿಸಿಕೊಂಡು, ಶಾಲೆಯ ಬಹುಮಾನದ ದಿನ ಕುಳಿತಂತೆಯೇ ಕುಳಿತಿದ್ದಳು.

“ಉಳಿಯುವುದಿಲ್ಲ,” ಎಂದಳು ತಂಗಿ. ಬಳಿಕ, ಯಾರೂ ಕೇಳದಿದ್ದರೂ, ಬಿಳಿ ಗೆರೆಯ ಸಂಗತಿಯನ್ನು ಹೇಳಿದಳು. ಆ ಗೆರೆ ತಪ್ಪೆಂದೂ, ಅದನ್ನು ನಂಬಿ ಜನ ಮನೆ ಕೊಂಡರೆಂದೂ, ಹೊಣೆ ಮಂಡಳಿಯದೆಂದೂ ಹೇಳಿದಳು. ಮುಖ್ಯ ಇಂಜಿನಿಯರು ನೆಲ ನೋಡಿದರು. ನೆಲದೊಳಗಿನ ನೀರು ಮಂಡಳಿಯ ಸ್ವತ್ತಲ್ಲ, ಅದು ತನ್ನ ಹಾದಿಯಲ್ಲಿ ಏರಿದರೆ ಹೊಣೆ ಹೊರಿಸಲು ಕಾನೂನಿನಲ್ಲಿ ಎಡೆಯಿಲ್ಲ ಎಂದು ಸದಸ್ಯೆ ಮೆಲ್ಲಗೆ ಹೇಳಿದರು. ಅವರ ಮುಖವೂ ಕಂದಿತ್ತು. ಪಂಪನ್ನು ಶಾಶ್ವತವಾಗಿ ನಿಲ್ಲಿಸತಕ್ಕದ್ದು. ಕೆಳಗಿನ ಬೀದಿಯವರು ಬೇರೆಡೆಗೆ ಹೋಗಲು ಮಂಡಳಿ ಕೈಲಾದ ನೆರವು ಕೊಡತಕ್ಕದ್ದು. ಆದೇಶ ಇಷ್ಟೇ.

ಹೊರಗೆ ಬಂದಾಗ ತಂಗಿ ಅಕ್ಕನ ಕೈ ಹಿಡಿಯಹೋದಳು. ಅಕ್ಕ ಕೈಯನ್ನು ಕೊಸರಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

“ನನ್ನ ಮನೇಲೇ ಇರು ಅಕ್ಕ. ಎರಡು ಕೋಣೆ ಖಾಲಿ ಇದೆ.”

“ಇದ್ದು ಏನು ಮಾಡಲಿ? ನೀನು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತೀಯ. ನಾನು ನಿನ್ನ ಕರ್ಟನ್ನು ಎಣಿಸ್ತಾ ಕೂತಿರಲಾ?”

“ನೀನೇ ಹೇಳು ಅಂದಿದ್ದೆ ಅಲ್ವಾ…”

“ಅಂದಿದ್ದೆ. ನೀನು ತಪ್ಪು ಮಾಡಿಲ್ಲ. ಅದೇ ಕಷ್ಟ. ತಪ್ಪು ಮಾಡಿದ್ದರೆ ನಾಲ್ಕು ಬೈದು ಹೊಟ್ಟೆಗೆ ಹಾಕಿಕೊಳ್ತಿದ್ದೆ.”

ಅಕ್ಕನಿಗೆ ಬೇರೊಂದು ಊರಿನಲ್ಲಿ, ಯಂತ್ರದಲ್ಲಿ ಹಾಸಿಗೆ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಂಚು ಹೊಲಿಯುವ ಸಾಲಿನಲ್ಲಿ ನಿಲ್ಲುವ ಕೆಲಸ. ಇರಲು ಒಂದು ಕೋಣೆ. ಆಸ್ಪತ್ರೆಯ ಹಾಸಿಗೆಗಳಲ್ಲಿ ಮುಗಿದಷ್ಟನ್ನು ಕೊಟ್ಟು, ಉಳಿದ ಹತ್ತಿಯನ್ನು ವ್ಯಾಪಾರಿಗೆ ಹಿಂದಿರುಗಿಸಿದಳು. ಆ ಹೊತ್ತಿಗೆ ಕೆಲಸದ ಕೋಣೆಯಲ್ಲಿ ಕಣಕಾಲಿನವರೆಗೆ ನೀರು. ಮನೆ ಖಾಲಿ ಮಾಡುವ ದಿನ ತಂಗಿ ಬೆಳಿಗ್ಗೆಯೇ ಹೋದಳು.

ಎಲ್ಲವೂ ಹೊರಬಂದವು, ಹಾಸಿಗೆಯ ಬಟ್ಟೆ ಕತ್ತರಿಸುವ ಮೇಜೊಂದನ್ನು ಬಿಟ್ಟು. ಅದನ್ನು ಭಾವ ಈ ಕೋಣೆಯೊಳಗೇ ಕುಳಿತು, ಕೋಣೆಯ ಅಳತೆಗೇ ಮಾಡಿದ್ದ. ಬಾಗಿಲಿಗೆ ಅಡ್ಡ ಹಿಡಿದರೂ ಉದ್ದ ಹಿಡಿದರೂ ಅದು ಹೊರಬರುವಂತಿರಲಿಲ್ಲ. ಕೂಲಿಯವರು ತಲೆ ಕೆರೆದುಕೊಂಡು ಬೀಡಿ ಸೇದಲು ಹೋದರು.

“ಬಿಟ್ಟು ಹೋಗೋಣ,” ಎಂದಳು ತಂಗಿ.

“ನೀರಲ್ಲಿ ಕೊಳೆಯೋಕಾ?” ಅಕ್ಕ ನೆರೆಮನೆಯ ಬಡಗಿಯಿಂದ ಇಬ್ಬರು ಹಿಡಿದು ಎಳೆಯುವ ಗರಗಸ ತಂದಳು. ಸೀರೆಯನ್ನು ಎತ್ತಿ ಸಿಕ್ಕಿಸಿ ನೀರಿಗಿಳಿದಳು. “ಹಿಡಿ ಆ ಕಡೆ.”

ತಂಗಿಯೂ ಇಳಿದಳು. ನೀರು ಮೂಳೆಗೆ ನಾಟುವಷ್ಟು ತಣ್ಣಗಿತ್ತು. ಅದರೊಳಗೆ ಇಬ್ಬರ ಪಾದಗಳೂ ಬೆರಳು ಬೆರಳಾಗಿ ಕಾಣುತ್ತಿದ್ದವು. ಮೇಜಿನ ಮೇಲ್ಮೈಯಲ್ಲಿ ಅಕ್ಕನ ಕತ್ತರಿ ಓಡಾಡಿದ ಗೀರುಗಳು ಒಂದರ ಮೇಲೊಂದು ಬಿದ್ದು, ಮರ ಬಟ್ಟೆಯಂತಾಗಿತ್ತು. ಅಕ್ಕ ಅದರ ನಡುವೆ ಚಾಕುವಿನಿಂದ ಒಂದು ಗೀರೆಳೆದು ಗರಗಸ ಇಟ್ಟಳು.

ಮೊದಲಿಗೆ ಅದು ಸಿಕ್ಕಿ ಸಿಕ್ಕಿ ನಿಂತಿತು.

“ತಳ್ಳಬೇಡ,” ಎಂದಳು ಅಕ್ಕ. “ನಾನು ಎಳೆಯುವಾಗ ಸಡಿಲ ಬಿಡು. ಸುಮ್ಮನೆ ಹಿಡಿದಿರು, ಅಷ್ಟು ಸಾಕು.”

ಆಮೇಲೆ ಹದ ಸಿಕ್ಕಿತು. ಹೊಟ್ಟು ನೀರಿನ ಮೇಲೆ ಬಿದ್ದು ತೇಲಿತು. ಅಕ್ಕನ ಉಸಿರು, ತಂಗಿಯ ಉಸಿರು, ಗರಗಸದ ಹೋಗಿಬರುವ ಸದ್ದು. ಕಿಟಕಿಯಲ್ಲಿ ಯಾರದೋ ಕಾಲುಗಳು ಬಂದು ನಿಂತು, ನೋಡಿ, ಹೋದವು. ಮೇಜು ಎರಡಾಗುವ ಹೊತ್ತಿಗೆ ತಂಗಿಯ ತೋಳು ಸೋತಿತ್ತು. ಕೊನೆಯ ಎಳೆತಕ್ಕೆ ಮುನ್ನ ಅಕ್ಕ ಒಂದು ಗಳಿಗೆ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಹಿಡಿಕೆಗೆ ಕೈ ಹಾಕಿ ಎಳೆದಳು. ಅವಳ ಕಡೆಯ ಅರ್ಧ ಅವಳ ಕಡೆಗೂ ತಂಗಿಯ ಕಡೆಯದು ತಂಗಿಯ ಕಡೆಗೂ ವಾಲಿ, ನೀರು ಇಬ್ಬರ ಮೈಗೂ ಸಿಡಿಯಿತು.

ಕೂಲಿಯವರು ಬಂದು ಅಕ್ಕನ ಕಡೆಯ ಅರ್ಧವನ್ನು ಹೊತ್ತುಕೊಂಡು ಮೆಟ್ಟಿಲೇರಿದರು. ಇನ್ನೊಂದಕ್ಕೆ ಅವರು ಮರಳಿ ಬಂದಾಗ ಅಕ್ಕ ಬೇಡವೆಂದು ಕೈಯಾಡಿಸಿದಳು.

“ಇಷ್ಟು ಸಾಕು. ಅಲ್ಲಿ ಕೋಣೆ ಚಿಕ್ಕದು. ಅದನ್ನು ಇವಳ ಮನೆಗೆ ಹಾಕಿ.”

“ಅಕ್ಕ, ನಾನು ಬಸ್ಸಿನವರೆಗೆ…”

“ಬೇಡ. ಕಾಲು ಒರೆಸಿಕೋ, ಶೀತ ಆಗುತ್ತೆ.”

ಅವಳು ಗರಗಸವನ್ನು ನೀರಿನಿಂದ ಮೇಲಕ್ಕೆ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಬಡಗಿಗೆ ಅದನ್ನು ಹಿಂದಿರುಗಿಸಲು ಹೋದಳು. ತಂಗಿ ತನ್ನ ಪಾಲಿನ ಅರ್ಧ ಮೇಜಿಗೆ ಒರಗಿ, ಕಿಟಕಿಯಲ್ಲಿ ಆ ಒದ್ದೆ ಪಾದಗಳು ದಾಟಿಹೋಗುವುದನ್ನು ನೋಡುತ್ತ ನಿಂತಳು.